ಹಡಗು ಹೊರಡುವ ದಿನದ ಒಗೆತ

ಟಿಬ್ಬಿ ಮದುವೆಯಾಗಿ ಲಂಗರು ಗಲ್ಲಿಗೆ ಬಂದ ವರ್ಷವೇ ಅರಬೆಲ್ಲಾ ಥಾರ್ನ್ ಹಡಗು ನೀರಿಗಿಳಿದದ್ದು. ಸಾವಿರದ ಎಂಟುನೂರ ಅರವತ್ತಾರರ ಬೇಸಿಗೆ. ಇಂಗ್ಲೆಂಡಿನ ಟೈನ್ ನದಿಯ ಆಚೆ ದಡದಲ್ಲಿ ಮಾಲೀಕರ ಮಗಳು ಬಂದು ಹಡಗಿನ ಮೂತಿಗೆ ಬಾಟಲಿ ಒಡೆದಳು, ಅವಳ ಹೆಸರನ್ನೇ ಹಡಗಿಗೆ ಇಟ್ಟರು. ಟಿಬ್ಬಿಯ ಗಂಡ ರಾಲ್ಫ್ ಪರ್ವಿಸ್ ಮೊದಲ ಪ್ರಯಾಣದಿಂದಲೇ ಅದರ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸಕ್ಕೆ ಸೇರಿಕೊಂಡ. ಪಕ್ಕದ ಮನೆಯ ಡೈನಾ ಕಾರ್ ಅವತ್ತೇ ಬಾಗಿಲಿಗೆ ಬಂದು ಹೊಸ ಸೊಸೆಯನ್ನು ಛೇಡಿಸಿದಳು. ಅವಳ ಗಂಡ ಜಾಬ್ ಕೂಡ ಅದೇ ಹಡಗಿಗೆ ಸೇರಿದ್ದ.

"ನಿನಗೂ ನನಗೂ ಒಬ್ಬಳೇ ಸವತಿ ಕಣೇ. ಕಬ್ಬಿಣದವಳು. ಯಾರು ಮೊದಲು ಸವೀತಾರೋ ನೋಡೋಣ."

ಅರಬೆಲ್ಲಾ ದೊಡ್ಡ ಹಡಗೇನಲ್ಲ, ಚೆಂದದ್ದಂತೂ ಅಲ್ಲವೇ ಅಲ್ಲ. ಉದ್ದನೆಯದೊಂದು ಕಬ್ಬಿಣದ ಪೆಟ್ಟಿಗೆ, ಹಿಂಭಾಗದಲ್ಲಿ ಒಂದು ಹೊಗೆಕೊಳವೆ. ಹೊಟ್ಟೆಗೆ ಕಲ್ಲಿದ್ದಲು ತುಂಬಿಕೊಳ್ಳುವುದು, ಲಂಡನ್ನಿಗೆ ಹೋಗಿ ಖಾಲಿ ಮಾಡುವುದು, ಅಡಿಯ ತೊಟ್ಟಿಗಳಿಗೆ ನೀರು ತುಂಬಿಕೊಂಡು ಅದರ ಭಾರದಲ್ಲಿ ಹಿಂದಿರುಗುವುದು, ಮತ್ತೆ ಕಲ್ಲಿದ್ದಲು. ಹಾಯಿಹಡಗುಗಳ ಕಾಲದಲ್ಲಿ ಇಷ್ಟೇ ಕೆಲಸಕ್ಕೆ ಒಂದು ತಿಂಗಳು ಬೇಕಾಗುತ್ತಿತ್ತು. ಗಾಳಿ ಬರಬೇಕು, ಭಾರಕ್ಕೆ ತುಂಬಿದ ಮರಳು ಇಳಿಸಬೇಕು, ಸರದಿ ಕಾಯಬೇಕು. ಅರಬೆಲ್ಲಾಗೆ ಒಂದು ವಾರ ಸಾಕು. ಬೆಳಗಿನ ಭರತಕ್ಕೆ, ಸಮುದ್ರದ ನೀರು ಉಬ್ಬಿದಾಗ, ನದಿಯೊಳಗೆ ಬಂದರೆ ಸಂಜೆಯ ಭರತಕ್ಕೆ ಹೊರಗೆ. ನಡುವೆ ಸಿಗುವುದು ಒಂಬತ್ತೋ ಹತ್ತೋ ತಾಸು. ಅಷ್ಟು ಹೊತ್ತೂ ಗಾಡಿಗಟ್ಟಲೆ ಕಲ್ಲಿದ್ದಲು ದಡದ ಕೊಳವೆಯಲ್ಲಿ ಜಾರಿ ಅದರ ಹೊಟ್ಟೆಗೆ ಬೀಳುವ ಸದ್ದು ಗಲ್ಲಿಯವರೆಗೂ ಕೇಳಿಸುತ್ತಿತ್ತು. ಸದ್ದು ನಿಂತಿತೆಂದರೆ ಹೊರಡುವ ಹೊತ್ತಾಯಿತು.

ಈ ಹಡಗು ವರ್ಷಕ್ಕೆ ನಲವತ್ತೈದು ಸಲ ಹೋಗಿ ಬರುತ್ತದೆ ಎಂದು ಪತ್ರಿಕೆಯಲ್ಲಿ ಬರೆದು ಎಂಜಿನ್ನನ್ನು ಹೊಗಳಿದ್ದರು. ಆ ನಲವತ್ತೈದು ಸಲವೂ ಹದಿನೆಂಟು ಜನ ಗಂಡಸರು ಶುಭ್ರವಾದ ಒಣ ಬಟ್ಟೆ ತೊಟ್ಟು ಅದನ್ನು ಹತ್ತಿದ್ದು ಹೇಗೆ ಎಂಬುದನ್ನು ಯಾರೂ ಬರೆಯಲಿಲ್ಲ.

ರಾಲ್ಫ್ ಬರುವಾಗ ಕಣ್ಣಿನ ಬಿಳಿ ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ. ಬೆವರು, ಉಪ್ಪು, ಕಲ್ಲಿದ್ದಲ ಪುಡಿ ಸೇರಿ ಬಟ್ಟೆ ಹಲಗೆಯಂತೆ ಸೆಟೆದಿರುತ್ತಿತ್ತು. ಬಿಚ್ಚಿ ಇಟ್ಟ ಷರಾಯಿ ತಾನಾಗಿಯೇ ಗೋಡೆಗೊರಗಿ ನಿಲ್ಲುತ್ತಿತ್ತು. ಡೈನಾ ಇಣುಕಿ, "ಅಯ್ಯೋ ಟಿಬ್ಬಿ, ಇದರಲ್ಲಿ ನಿನ್ ಗಂಡ ಯಾವ್ದೇ, ಷರಾಯಿ ಯಾವ್ದೇ? ಊಟಕ್ಕೆ ಯಾವುದನ್ನ ಎಬ್ಬಿಸ್ತೀಯ?" ಎನ್ನುತ್ತಿದ್ದಳು. ರಾಲ್ಫ್ ಮಾತಾಡದೆ ಬೇಯಿಸಿದ ಬಟಾಣಿಯನ್ನೂ ಒಂದು ಮೀನನ್ನೂ ತಿಂದು ಮಲಗಿಬಿಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲವೂ ಅವನು ಬೀದಿ ನಲ್ಲಿಯಿಂದ ಒಂದು ಬಕೆಟ್ ನೀರು ತಂದವನಲ್ಲ. ವಾರವಿಡೀ ಬೆಂಕಿಯ ಬಾಯಲ್ಲಿ ನಿಂತು ಬಂದವನಿಗೆ ನೀರು ಹೊರು ಎನ್ನುವ ಬಾಯಿ ಯಾರಿಗಿದೆ?

ಹದಿನಾರು ಬಕೆಟ್ ನೀರು. ಒಲೆ ಹೊತ್ತಿಸುವುದು, ಸೋಡಾ ಹಾಕಿ ನೆನೆಸುವುದು, ಮರದ ತೊಟ್ಟಿಗೆ ಸುರಿದು ದಪ್ಪ ಕೋಲಿನಿಂದ ಕುಟ್ಟುವುದು. ಮೊದಲ ನೀರು ಮಸಿ, ಎರಡನೆಯದು ಬೂದಿ, ಮೂರನೆಯದಕ್ಕೆ ಬಟ್ಟೆಯ ಬಣ್ಣ ಕಂಡರೆ ಪುಣ್ಯ. ಆಮೇಲೆ ಹಿಂಡುವುದು, ಒಣಗಿಸುವುದು, ಕಿಡಿ ಹಾರಿ ಆದ ತೂತುಗಳಿಗೆ ತೇಪೆ ಹಾಕುವುದು. ಕಲ್ಲಿದ್ದಲ ಸದ್ದು ನಿಲ್ಲುವುದರೊಳಗೆ ಎಲ್ಲ ಮುಗಿಯಬೇಕು. ಎರಡು ಜೊತೆ ಬಟ್ಟೆ ಇರುತ್ತಿತ್ತು, ಎರಡೂ ಕೊಳೆಯಾಗಿಯೇ ಬರುತ್ತಿದ್ದವು. ಮೂರನೆಯ ಜೊತೆ ಒಂದಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಯಾಕೆಂದರೆ ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಗಂಡನ ಹಡಗು ಹೊರಡುವ ದಿನ ಹೆಂಡತಿ ಬಟ್ಟೆ ಒಗೆಯಬಾರದು. ಒಗೆದರೆ ಹಡಗನ್ನೇ ತೊಳೆದು ಸಮುದ್ರಕ್ಕೆ ಸುರಿದ ಹಾಗೆ. ಹಾಯಿಯ ಕಾಲದಲ್ಲಿ ಇದನ್ನು ನಡೆಸುವುದು ಕಷ್ಟವಿರಲಿಲ್ಲ. ಗಾಳಿಗಾಗಿ ಹತ್ತು ದಿನ ಕಾಯುತ್ತಾ ನಿಂತ ಹಡಗಿನವನ ಬಟ್ಟೆಯನ್ನು ಒಂಬತ್ತು ದಿನ ಒಗೆಯಬಹುದಿತ್ತು. ಬಂದ ದಿನವೇ ಹೊರಡುವ ಹಡಗು ಬಂದಮೇಲೆ ಕಟ್ಟಳೆ ಹಾಗೆಯೇ ಉಳಿಯಿತು, ದಿನಗಳು ಉಳಿಯಲಿಲ್ಲ.

ಮದುವೆಯಾದ ಹೊಸದರಲ್ಲಿ ಟಿಬ್ಬಿ ಅತ್ತೆಯನ್ನು ಕೇಳಿದ್ದಳು. ಅತ್ತೆ ಮಾರ್ಜರಿ ಮಹಡಿಯ ಮೇಲಿನ ಕೋಣೆಯಲ್ಲಿದ್ದಳು. ಅವಳ ಗಂಡ ಹಾಯಿಹಡಗಿನಲ್ಲಿ ಹೋಗಿ ಮರಳದೆ ಹದಿನೈದು ವರ್ಷವಾಗಿತ್ತು.

"ಅತ್ತೆ, ಒಗೀಬಾರದು ಅಂತೀರಿ. ಕೊಳೆ ಬಟ್ಟೇಲೇ ಕಳಿಸೋದಾ?"

"ಕೊಳೆ ಬಟ್ಟೇಲಿ ಕಳಿಸಿದ್ರೆ ಮೈಯೆಲ್ಲ ಹುಣ್ಣಾಗಲ್ವೇನೇ? ಊರವರು ಏನಂತಾರೆ, ಪರ್ವಿಸ್ ಮನೆ ಸೊಸೆ ಸೋಮಾರಿ ಅಂತಾರೆ."

"ಮತ್ತೆ?"

"ಬಾಗಿಲು ಹಾಕ್ಕೋ. ನಾನು ಹೊರಗೆ ಕೂತಿರ್ತೀನಿ."

ಹಾಗೆ ಶುರುವಾಯಿತು. ಟಿಬ್ಬಿ ಬಾಗಿಲು ಹಾಕಿಕೊಂಡು ಬಟ್ಟೆ ಕುಟ್ಟುತ್ತಿದ್ದಳು, ಮಾರ್ಜರಿ ಹೊರಗೆ ಕಟ್ಟೆಯ ಮೇಲೆ ಕಾಲುಚೀಲ ಹೆಣೆಯುತ್ತಾ ಕೂರುತ್ತಿದ್ದಳು. ಒಳಗಿನ ಸದ್ದು ಜೋರಾದರೆ ಕೆಮ್ಮುತ್ತಿದ್ದಳು. ಹೋಗುವವರು "ಏನಜ್ಜಿ, ಸೊಸೆ ಏನ್ಮಾಡ್ತಿದ್ದಾಳೆ?" ಎಂದರೆ "ಹಿಟ್ಟು ನಾದ್ತಿದ್ದಾಳೆ" ಎನ್ನುತ್ತಿದ್ದಳು. ಅರಬೆಲ್ಲಾ ಬಂದ ದಿನ ಲಂಗರು ಗಲ್ಲಿಯ ಐದು ಮನೆಗಳಲ್ಲೂ ಹಿಟ್ಟು ನಾದುತ್ತಿದ್ದರು. ಐದು ಮನೆಗಳ ಕಿಟಕಿಗಳಿಂದಲೂ ಹಬೆ ಬರುತ್ತಿತ್ತು. ಅದನ್ನು ಎಲ್ಲರೂ ಕಂಡಿದ್ದರು, ಯಾರೂ ನೋಡಿರಲಿಲ್ಲ.

ಡೈನಾಳ ಮನೆಯಲ್ಲಿ ತೊಟ್ಟಿ ಇರಲಿಲ್ಲ. ಹಿತ್ತಲ ಬಾಗಿಲಿನಿಂದ ಬಂದು ಟಿಬ್ಬಿಯ ತೊಟ್ಟಿಯಲ್ಲೇ ಒಗೆದುಕೊಳ್ಳುತ್ತಿದ್ದಳು. ಇಬ್ಬರೂ ಸರದಿಯ ಮೇಲೆ ಕುಟ್ಟುವರು, ಕಂಬಳಿಯ ಎರಡು ತುದಿ ಹಿಡಿದು ತಿರುಚುವರು, ನಗುವರು. ಇಪ್ಪತ್ತು ವರ್ಷ, ಒಂಬೈನೂರಕ್ಕೂ ಹೆಚ್ಚು ಒಗೆತ. ಹೆರಿಗೆಯಾದ ಮೂರನೇ ದಿನವೂ ಒಗೆದದ್ದಿತ್ತು.

ಒಣಗಿಸುವುದು ಮಾತ್ರ ನಗುವ ಕೆಲಸವಾಗಿರಲಿಲ್ಲ. ಹೊರಗೆ ಹಗ್ಗಕ್ಕೆ ಹಾಕುವಂತಿಲ್ಲ. ಕೆಳಗೆ ಅವರ ಪಾಲಿಗಿದ್ದದ್ದು ಒಂದೇ ಕೋಣೆ, ಅಡುಗೆ, ಮಲಗುವುದು, ಮಕ್ಕಳು ಎಲ್ಲ ಅಲ್ಲೇ. ಒಲೆಯ ಸುತ್ತ ಒದ್ದೆ ಉಣ್ಣೆ ಬಟ್ಟೆ ನೇತುಹಾಕಿದರೆ ಗೋಡೆಯಿಂದ ನೀರು ಇಳಿಯುತ್ತಿತ್ತು, ಹಾಸಿಗೆ ತೇವವಾಗುತ್ತಿತ್ತು. ಟಿಬ್ಬಿ ಮೂರು ಹೆತ್ತಳು. ಮೊದಲನೆಯವನು ನಾಲ್ಕು ವರ್ಷಕ್ಕೆ ಎದೆ ಕಟ್ಟಿ ಹೋದ. ಎರಡನೆಯವಳು ಎರಡು ವರ್ಷಕ್ಕೆ. ಪಾದ್ರಿಗಳು ದೇವರ ಇಚ್ಛೆ ಎಂದರು. ಟಿಬ್ಬಿಗೆ ದೇವರ ಇಚ್ಛೆಯ ವಾಸನೆ ಗೊತ್ತಿತ್ತು; ಅದು ಒಣಗದ ಉಣ್ಣೆಯ ವಾಸನೆ.

ಹಡಗು ಹೇಗಿದೆ ಎಂಬುದು ಅವಳಿಗೆ ತೊಟ್ಟಿಯಲ್ಲೇ ತಿಳಿಯುತ್ತಿತ್ತು. ಮೊದಲ ಹತ್ತು ವರ್ಷ ಬಟ್ಟೆಯಲ್ಲಿ ಬರುತ್ತಿದ್ದದ್ದು ಮಸಿ ಮತ್ತು ಬೆವರು ಮಾತ್ರ. ಆಮೇಲೆ ಅಲ್ಲೊಂದು ಇಲ್ಲೊಂದು ಕೆಂಪು ಕಲೆ. ಹದಿನೈದನೆಯ ವರ್ಷದ ಹೊತ್ತಿಗೆ ಎರಡನೆಯ ನೀರು ಇಟ್ಟಿಗೆ ಕಲಸಿದಂತೆ ಕೆಂಪಗಿರುತ್ತಿತ್ತು. ಆಳುಗಳು ಮಲಗುವುದು ಹಡಗಿನ ಮೂತಿಯಲ್ಲಿ. ಅಲ್ಲಿ ಕಬ್ಬಿಣ ಚಕ್ಕೆಚಕ್ಕೆಯಾಗಿ ಉದುರಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಈಚೆಗಂತೂ ಒಣ ಬಟ್ಟೆ ಎಂದು ಕಟ್ಟಿಕೊಟ್ಟದ್ದು ತೊಡದೆಯೇ ಉಪ್ಪುನೀರಲ್ಲಿ ನೆಂದು ಹಿಂದೆ ಬರುತ್ತಿತ್ತು.

"ಏನೇ ಡೈನಾ, ನೋಡು ಈ ನೀರ್ನ. ಹಡಗಲ್ಲಿ ಇನ್ನೇನಾದ್ರೂ ಉಳಿದಿದ್ಯಾ, ಪೂರ್ತಿ ನಮ್ಮ ತೊಟ್ಟಿಗೇ ಬಂತಾ?"

"ಇನ್ನೊಂದು ವರ್ಷ ಹೀಗೇ ಬಂದ್ರೆ ಇಲ್ಲೇ ಸೋಸಿ ಹೊಸ ಹಡಗು ಕಟ್ಟೋಣ ಬಿಡು. ನಿನ್ನ ಹೆಸರಿಡೋಣ."

ಟಿಬ್ಬಿ ರಾಲ್ಫ್‌ಗೂ ಹೇಳಿದಳು. ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. "ಬಣ್ಣ ಬಳಿದಿದ್ದಾರೆ ಕಣೇ ಮೊನ್ನೆ."

"ಬಣ್ಣ ಹೊರಗೆ ಬಳಿದಿದ್ದಾರೆ. ಇದು ಒಳಗಿಂದ ಬರ್ತಿರೋದು."

"ನಿನ್ನ ತೊಟ್ಟಿ ನೋಡಿ ಹಡಗಿನ ಭವಿಷ್ಯ ಹೇಳ್ತೀಯಾ? ಹೋಗಿ ಮಾಲೀಕರಿಗೆ ಹೇಳು, ಕೆಲಸ ಕೊಟ್ಟಾರು." ಅವನು ಕೆಟ್ಟವನಲ್ಲ. ನಲವತ್ತೈದು ದಾಟಿದ, ಕೆಮ್ಮುವ ಆಳನ್ನು ಬೇರೆ ಯಾವ ಹಡಗೂ ತೆಗೆದುಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅಷ್ಟೇ.

ಎಂಬತ್ತೇಳರ ಫೆಬ್ರುವರಿಯಲ್ಲಿ ಮೂರನೆಯವಳು, ಆರು ವರ್ಷದ ಫೀಬಿ, ಹಾಸಿಗೆ ಹಿಡಿದಳು. ಅದೇ ಸದ್ದು, ಅದೇ ಎದೆ. ಧರ್ಮದಾಸ್ಪತ್ರೆಯ ವೈದ್ಯ ಬಂದು ಮಗುವಿನ ಬೆನ್ನಿಗೆ ಕಿವಿಯಿಟ್ಟು ಕೇಳಿ, ಎದ್ದು, ಗೋಡೆಗೆ ಕೈ ಒತ್ತಿ, ಒದ್ದೆಯಾದ ಅಂಗೈಯನ್ನು ಟಿಬ್ಬಿಯ ಮುಖದ ಮುಂದೆ ಹಿಡಿದ.

"ಇನ್ನೊಂದು ಒದ್ದೆ ಬಟ್ಟೆ ಈ ಕೋಣೇಲಿ ಒಣಹಾಕಿದ್ರೆ ಆಮೇಲೆ ನನ್ನ ಕರೀಬೇಡಮ್ಮ. ಶವಪೆಟ್ಟಿಗೆ ಮಾಡೋ ಬಡಗಿಯನ್ನ ಕರಿ."

ಮಾರನೆಯ ಬೆಳಗಿನ ಭರತಕ್ಕೆ ಅರಬೆಲ್ಲಾ ಬಂದಿತು. ಎಂದಿನಂತೆ ಟಿಬ್ಬಿ ಒಗೆದಳು. ತೊಟ್ಟಿಯನ್ನು ಹಿತ್ತಲ ಬಾಗಿಲಿನಾಚೆಗೆ ಎಳೆದುಕೊಂಡು, ಮೈಮೇಲೆ ರಾಲ್ಫ್‌ನ ಹಳೆಯ ಕೋಟು ಹಾಕಿಕೊಂಡು ಒಗೆದಳು. ಡೈನಾಳೂ ಬಂದು ತನ್ನದನ್ನು ಅದೇ ನೀರಿನಲ್ಲಿ ಕುಟ್ಟಿಕೊಂಡು, ಬುಟ್ಟಿಯ ಮೇಲೆ ಶಾಲು ಮುಚ್ಚಿಕೊಂಡು ಹೋದಳು. ಆಮೇಲೆ ಟಿಬ್ಬಿ ಬುಟ್ಟಿ ಹಿಡಿದು ಒಂದು ಗಳಿಗೆ ನಿಂತಳು. ಒಳಗೆ ಫೀಬಿ ಉಸಿರೆಳೆಯುವ ಸದ್ದು. ಹೊರಗೆ ವಾಯುವ್ಯದ ಒಣ ಗಾಳಿ, ಅಪರೂಪಕ್ಕೆ ಬಿಸಿಲು. ಹಿತ್ತಲಿಗೆ ಬಿಸಿಲು ತಾಗುತ್ತಿರಲಿಲ್ಲ. ಅವಳು ಗಲ್ಲಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಟ್ಟೆ ಹರವಿದಳು. ಎರಡು ಅಂಗಿ, ಎರಡು ಷರಾಯಿ, ನಾಲ್ಕು ಕತ್ತಿನ ಬಟ್ಟೆ, ಒಂದು ಕಂಬಳಿ.

ಕಟ್ಟೆಯ ಮೇಲಿದ್ದ ಮಾರ್ಜರಿಯ ಕೈಯಿಂದ ಹೆಣಿಗೆ ಬಿತ್ತು.

"ತೆಗಿಯೇ! ತೆಗಿಯೇ ಮುಂಡೇದೆ! ಯಾರಾದ್ರೂ ನೋಡ್ತಾರೆ!"

"ನೋಡಲಿ ಅತ್ತೆ. ಎರಡನ್ನ ಹೂತಿದ್ದೀನಿ. ಮೂರನೇದನ್ನ ಹೂಳಲ್ಲ."

ಬಾಗಿಲುಗಳು ತೆರೆದವು. ಯಾರೂ ಹತ್ತಿರ ಬರಲಿಲ್ಲ. ಸಂಜೆ ಕಲ್ಲಿದ್ದಲ ಸದ್ದು ನಿಂತಾಗ ರಾಲ್ಫ್ ಎದ್ದು ಹೊರಗೆ ಬಂದು ತನ್ನ ಬಟ್ಟೆ ಗಾಳಿಗೆ ಹಾರುವುದನ್ನು ಕಂಡ. ಮುಖ ಒಂದು ಸಲ ಬಿಳುಪೇರಿತು. ಆಮೇಲೆ ನಕ್ಕ. "ಊರಿಗೆಲ್ಲ ಬಾವುಟ ಹಾರಿಸಿದ್ದೀಯಲ್ಲೇ."

"ಚೆನ್ನಾಗಿ ಒಣಗಿದೆ ನೋಡಿ. ಇಷ್ಟು ಒಣಗಿದ್ದು ಯಾವತ್ತೂ ಕೊಟ್ಟಿಲ್ಲ ನಿಮಗೆ."

ಅವನು ಅಂಗಿಯನ್ನು ಮೂಗಿಗೆ ಹಿಡಿದು ಮೂಸಿದ. "ಹೌದು. ಗಾಳಿ ವಾಸನೆ ಬರ್ತಿದೆ," ಎಂದ. ಫೀಬಿಯ ತಲೆ ಮುಟ್ಟಿ, ಗಂಟು ಹೆಗಲಿಗೇರಿಸಿಕೊಂಡು ಹೋದ. ಹೋಗುವವರು ತಿರುಗಿ ನೋಡುವ ವಾಡಿಕೆ ಇರಲಿಲ್ಲ.

ಹಡಗು ಸೇರಿತೆಂದು ಮೂರನೆಯ ದಿನ ಲಂಡನ್ನಿನಿಂದ ಬರಬೇಕಿದ್ದ ತಂತಿ ಬರಲಿಲ್ಲ. ಐದನೆಯ ದಿನವೂ ಇಲ್ಲ. ಎರಡನೆಯ ದಿನ ಬೀಸಿದ ಬಿರುಗಾಳಿಯಲ್ಲಿ ಎಲ್ಲೋ ಆಶ್ರಯಕ್ಕೆ ನಿಂತಿರಬೇಕು ಎಂದರು. ಹನ್ನೆರಡನೆಯ ದಿನ ಲಂಡನ್ನಿನ ದಾರಿಯ ನಾರ್ಫಕ್ ದಂಡೆಗೆ ಒಂದು ದೋಣಿ ಬಂದು ಬಿತ್ತು. ಒಳಗೆ ಯಾರೂ ಇರಲಿಲ್ಲ. ದೋಣಿಯ ಮೇಲೆ ಅರಬೆಲ್ಲಾ ಎಂಬ ಹೆಸರಿತ್ತು.

ಫೀಬಿ ಅಷ್ಟರಲ್ಲಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು.

ಲಂಗರು ಗಲ್ಲಿಯ ಐದು ಮನೆಗಳಲ್ಲೂ ಸಾವಿನ ಗುರುತಿಗೆ ಕಿಟಕಿಗೆ ಪರದೆ ಎಳೆದರು. ಟಿಬ್ಬಿ ನಾಲ್ಕು ಮನೆಗೂ ಹೋದಳು, ನಾಲ್ಕು ಬಾಗಿಲೂ ತೆರೆಯಲಿಲ್ಲ. ನಲ್ಲಿಯ ಬಳಿ ಬಕೆಟ್ ಇಟ್ಟರೆ ಉಳಿದವರು ತಮ್ಮ ಬಕೆಟ್ ಹಿಂದಕ್ಕೆ ಎಳೆದುಕೊಳ್ಳುವರು. ಯಾರೋ ಹಿಂದಿನಿಂದ, "ಇನ್ನೂ ಯಾರದ್ದು ಒಗೀಬೇಕಂತೆ ಇವಳಿಗೆ?" ಎಂದರು. ಮಾರ್ಜರಿ ಮಗನಿಗಾಗಿ ಅತ್ತು, ಮೂರನೆಯ ದಿನ ಗಂಟು ಕಟ್ಟಿದಳು.

"ಅತ್ತೆ, ಇಪ್ಪತ್ತು ವರ್ಷ ಒಗೆದದ್ದು ನೀವು ಬಾಗಿಲಲ್ಲಿ ಕೂತೇ ಅಲ್ವಾ? ಆವಾಗೆಲ್ಲ ಮುಳುಗದ್ದು ಈಗ ಯಾಕೆ ಮುಳುಗ್ತು?"

"ಒಗೆದದ್ದು ತಪ್ಪಲ್ಲ ಕಣೇ," ಎಂದಳು ಮುದುಕಿ. "ತೋರಿಸಿದ್ದು ತಪ್ಪು. ಸಮುದ್ರಕ್ಕೆ ಕಣ್ಣಿದೆ." ಅವಳು ಎರಡು ಹೆಜ್ಜೆಯಾಚೆಗೆ, ಡೈನಾಳ ಮನೆಗೆ ಹೋಗಿ ಸೇರಿಕೊಂಡಳು.

ಏಪ್ರಿಲ್‌ನಲ್ಲಿ ಊರ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ಮೇಜಿನ ಹಿಂದೆ ಮೂವರು ಅಧಿಕಾರಿಗಳು, ಮುಂದಿನ ಸಾಲಿನಲ್ಲಿ ಮಾಲೀಕರ ಕಡೆಯವರು, ಹಿಂದೆ ಗೋಡೆಗೆ ಒತ್ತಿಕೊಂಡು ವಿಧವೆಯರು. ಹಡಗು ಸುಸ್ಥಿತಿಯಲ್ಲಿತ್ತು ಎಂದು ಒಬ್ಬ ಪರೀಕ್ಷಕ ಹೇಳಿದ. ಹಿಂದಿನ ಶರತ್ಕಾಲದಲ್ಲಿ ಬಣ್ಣ ಬಳಿದದ್ದಕ್ಕೆ ರಸೀದಿ ತೋರಿಸಿದರು. ಎರಡು ಗಂಟೆಯ ಹೊತ್ತು ಗಾಳಿಯ ವೇಗದ ಮಾತಾಯಿತು. ಕೊನೆಗೆ ಅಧ್ಯಕ್ಷರು ಇನ್ಯಾರಾದರೂ ಹೇಳುವುದಿದೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಗದ ಮಡಚತೊಡಗಿದರು.

"ನನಗಿದೆ ಸ್ವಾಮಿ," ಎಂದಳು ಟಿಬ್ಬಿ.

ಎಲ್ಲರೂ ತಿರುಗಿದರು.

"ಹಡಗು ಒಳಗಿಂದ ತುಕ್ಕು ಹಿಡಿದು ಹೋಗಿತ್ತು ಸ್ವಾಮಿ. ನೀರು ಕೆಂಪಗೆ ಬರ್ತಿತ್ತು."

"ಯಾವ ನೀರು? ಪಂಪಿನ ನೀರಾ?"

"ಬಟ್ಟೆ ಒಗೆದ ನೀರು."

ಮುಂದಿನ ಸಾಲಿನಲ್ಲಿ ನಗು. ಅಧ್ಯಕ್ಷರು ನಗಲಿಲ್ಲ, ಸೌಜನ್ಯದವರು. "ಎಷ್ಟು ದಿನದಿಂದ ಹೀಗೆ?"

"ಐದಾರು ವರ್ಷದಿಂದ. ಈಚೆಗೆ ಗಂಟು ಕಟ್ಟಿಕೊಟ್ಟ ಬಟ್ಟೆ ಹಾಗೇ ಉಪ್ಪುನೀರಲ್ಲಿ ನೆಂದು ಬರ್ತಿತ್ತು. ಮಲಗೋ ಜಾಗಕ್ಕೇ ಸಮುದ್ರ ಬರ್ತಿತ್ತು ಅಂತ ತಾನೇ ಅರ್ಥ?"

"ಕೊನೇ ಸಲ ಇದನ್ನ ನೋಡಿದ್ದು ಯಾವತ್ತು?"

ಟಿಬ್ಬಿಗೆ ತಾನು ಎಲ್ಲಿ ಕಾಲಿಡುತ್ತಿದ್ದೇನೆಂದು ಗೊತ್ತಾಯಿತು. ಆದರೆ ಹಿಂದೆ ಸರಿಯಲು ದಾರಿಯಿರಲಿಲ್ಲ. "ಹೊರಟ ದಿನ," ಎಂದಳು.

ಗೋಡೆಯ ಬಳಿಯ ಹೆಂಗಸರ ನಡುವೆ ಉಸಿರೊಂದು ಎದ್ದಿತು. ಅಧ್ಯಕ್ಷರಿಗೆ ಅದು ಅರ್ಥವಾಗಲಿಲ್ಲ. ಮಾಲೀಕರ ವಕೀಲ ಈ ಊರಿನವನೇ, ಅವನಿಗೆ ಅರ್ಥವಾಯಿತು. ಅವನು ಮೆಲ್ಲಗೆ ಎದ್ದ. "ಒಬ್ಬ ಹೆಂಗಸಿನ ತೊಟ್ಟಿ ಕೊಳಕಾಗಿರಬಹುದು, ಮಾನ್ಯರೇ. ಬೇರೆ ಯಾರಾದರೂ ಇದನ್ನು ಕಂಡಿದ್ದಾರೆಯೇ?"

"ಡೈನಾನ ಕೇಳಿ. ಡೈನಾ ಕಾರ್. ಇಬ್ಬರೂ ಒಂದೇ ತೊಟ್ಟೀಲಿ ಒಗೀತಿದ್ವಿ. ಅವತ್ತೂ ಒಗೆದ್ವಿ."

ಡೈನಾ ಎದ್ದು ನಿಂತಳು. ಕಪ್ಪು ಟೊಪ್ಪಿಗೆಯ ಕೆಳಗೆ ಮುಖ ಹಿಟ್ಟಿನಂತಿತ್ತು. ಟಿಬ್ಬಿ ಅವಳ ಬಾಯಿಯನ್ನೇ ನೋಡಿದಳು. ಒಂದು ಮಾತು. ಹೌದು ಎಂಬ ಒಂದು ಮಾತು ಬಂದರೆ ನೀರು ಕೆಂಪಗಿದ್ದದ್ದು ಸತ್ಯವಾಗುತ್ತಿತ್ತು, ಹಡಗು ಕೊಳೆತದ್ದು ಸತ್ಯವಾಗುತ್ತಿತ್ತು. ಹದಿನೆಂಟು ಗಂಡಸರ ಸಾವು ಒಂದು ಹಗ್ಗದ ಮೇಲಿಂದ ಇಳಿದು, ಸೇರಬೇಕಾದ ಕಡೆ ಹೋಗಿ ಸೇರುತ್ತಿತ್ತು.

"ನೀವು ಅವತ್ತು ಬಟ್ಟೆ ಒಗೆದಿರಾ, ಅಮ್ಮಾ?" ವಕೀಲನ ದನಿ ಮೃದುವಾಗಿತ್ತು. "ಗಂಡ ಹೊರಡುವ ದಿನ?"

"ಇಲ್ಲ ಸ್ವಾಮಿ," ಎಂದಳು ಡೈನಾ. "ಹೊರಡೋ ದಿನ ನಾವ್ಯಾರೂ ಒಗೆಯಲ್ಲ."

ಹವಾಮಾನದ ವೈಪರೀತ್ಯದಿಂದ ನಷ್ಟವಾಯಿತೆಂದೂ ಯಾರದ್ದೂ ತಪ್ಪಿಲ್ಲವೆಂದೂ ತೀರ್ಪಾಯಿತು. ಲಂಗರು ಗಲ್ಲಿಯಲ್ಲಿ ತೀರ್ಪು ಬೇರೆಯಿತ್ತು. ಟಿಬ್ಬಿ ತನ್ನ ಬಾಯಲ್ಲೇ, ಅಧಿಕಾರಿಗಳ ಮುಂದೆ, ಒಗೆದೆ ಎಂದು ಒಪ್ಪಿಕೊಂಡಿದ್ದಳಲ್ಲ.

ಆ ಊರಿನಲ್ಲಿ ವಿಧವೆಯಾದವಳಿಗೆ ಉಳಿಯುವುದು ಒಂದೇ ಕೆಲಸ, ಬೇರೆಯವರ ಬಟ್ಟೆ ಒಗೆಯುವುದು. ಉಳಿದ ನಾಲ್ವರೂ ಅದಕ್ಕೇ ಇಳಿದರು. ಹಡಗಿನವರ ಮನೆಗಳಿಂದ ಡೈನಾಳಿಗೆ ರಾಶಿ ಬಟ್ಟೆ ಬಂದಿತು. ಟಿಬ್ಬಿಯ ಕೈಗೆ ಒಂದು ಕಾಲುಚೀಲ ಕೊಡುವವರೂ ಇರಲಿಲ್ಲ. ಯಾವ ತಾಯಿ ಕೊಟ್ಟಾಳು? ತೊಟ್ಟಿ ಮನೆಯ ಮೂಲೆಯಲ್ಲಿ ಒಣಗಿ ಹಲಗೆಗಳು ಬಾಯಿ ಬಿಟ್ಟವು.

ಮೇ ತಿಂಗಳ ಒಂದು ಮಧ್ಯಾಹ್ನ ಅವಳು ಹಿತ್ತಲ ಬಾಗಿಲಿನಿಂದ ಡೈನಾಳ ಮನೆಗೆ ನುಗ್ಗಿದಳು. ಡೈನಾ ಬಕೆಟ್ಟಿನ ಮುಂದೆ ಮಂಡಿಯೂರಿ ಬಟ್ಟೆ ತಿಕ್ಕುತ್ತಿದ್ದಳು. ಎದ್ದೇಳಲಿಲ್ಲ.

"ನಾನು ಬೈಯೋಕೆ ಬಂದಿಲ್ಲ. ನಲ್ಲಿ ಹತ್ರ ಒಂದು ಸಲ ಹೇಳು, ಸಾಕು. ನಾನೂ ಒಗೆದೆ ಅನ್ನು. ಅಧಿಕಾರಿಗಳ ಮುಂದೆ ಬೇಡ. ನಲ್ಲಿ ಹತ್ರ."

"ಆಗಲ್ಲ ಟಿಬ್ಬಿ."

"ಯಾಕಾಗಲ್ಲ? ನೀನು ಒಗೆದದ್ದು ಸುಳ್ಳಾ?"

"ಸುಳ್ಳಲ್ಲ." ಡೈನಾ ಕೈ ನಿಲ್ಲಿಸಿದಳು. "ಒಗೆದೆ ಅಂದ್ರೆ ಜಾಬ್‌ನ ನಾನೇ ಮುಳುಗಿಸಿದೆ ಅಂತ ಆಗುತ್ತೆ."

"ತುಕ್ಕು ಮುಳುಗಿಸಿದ್ದು ಕಣೇ! ನಿನ್ನ ಕಣ್ಣಾರೆ ನೋಡಿಲ್ವಾ? ಸೋಸಿ ಹಡಗು ಕಟ್ಟೋಣ ಅಂದಿದ್ದವಳು ನೀನು!"

"ನೋಡಿದ್ದೀನಿ. ಹಗಲಲ್ಲಿ ತುಕ್ಕು ಅಂತ ಗೊತ್ತಾಗುತ್ತೆ. ದೀಪ ಆರಿಸಿದ ಮೇಲೆ ಗೊತ್ತಾಗಲ್ಲ." ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ನಿನ್ನದು ಹಗ್ಗದ ಮೇಲಿತ್ತು, ನಮ್ಮದು ಒಳಗಿತ್ತು. ನೀನೊಬ್ಬಳೇ ಒಗೆದದ್ದು ಅಂದ್ರೆ ನಮ್ಮ ನಾಲ್ಕು ಜನಕ್ಕೆ ರಾತ್ರಿ ಕಣ್ಣು ಮುಚ್ಚುತ್ತೆ. ಐದೂ ಜನ ಅಂದ್ರೆ ಯಾರಿಗೂ ಮುಚ್ಚಲ್ಲ."

"ನನಗೆ?"

ಡೈನಾ ಮತ್ತೆ ಬಟ್ಟೆಗೆ ಕೈ ಹಾಕಿದಳು. "ಮುಂದಿನ ಬಾಗಿಲಿಂದ ಹೋಗಬೇಡ, ಜನ ಇದ್ದಾರೆ," ಎಂದಳು.

ಟಿಬ್ಬಿ ಗುಡ್ಡದ ಮೇಲಿನ ದೊಡ್ಡ ಮನೆಗಳಲ್ಲಿ ಮೆಟ್ಟಿಲು ತಿಕ್ಕುವ ಕೆಲಸ ಹಿಡಿದಳು. ಅಲ್ಲಿನವರು ಹಡಗುಗಳ ಮೇಲೆ ಕಾಲಿಡದೆ ಹಡಗುಗಳಿಂದ ಬದುಕುವವರು, ಯಾರು ಯಾವತ್ತು ಏನು ಒಗೆದರು ಎಂದು ಕೇಳುವವರಲ್ಲ. ಬೆಳಗ್ಗೆ ಐದಕ್ಕೆ ಹೋಗಿ ಹನ್ನೊಂದು ಮನೆಗಳ ಮೆಟ್ಟಿಲು ತೊಳೆದು ಬೆಳ್ಳಗೆ ಕಾಣಲೆಂದು ಬಿಳಿ ಕಲ್ಲು ಉಜ್ಜುವುದು. ಅವು ಒಣಗುವ ಮೊದಲೇ ಯಾರಾದರೂ ಬೂಟುಗಾಲಲ್ಲಿ ಇಳಿದು ಹೋಗುವರು, ಮತ್ತೆ ಉಜ್ಜುವುದು. ಒಂದು ವರ್ಷದೊಳಗೆ ಮಂಡಿಗಳು ಬಾತುಕೊಂಡವು. ಬೇರೆ ಊರಿಗೆ ಹೋಗಬಹುದಿತ್ತು. ಹೋದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ಹೋಗಲಿಲ್ಲ. ಇವತ್ತಲ್ಲ ನಾಳೆ ಯಾರಾದರೊಬ್ಬಳು ಬಾಯಿ ಬಿಡುತ್ತಾಳೆ ಎಂದು ಕಾದಳು. ಒಬ್ಬಳು ಮರುಮದುವೆಯಾಗಿ ಹೋದಳು. ಒಬ್ಬಳು ಸತ್ತಳು. ಬಾಯಿ ಯಾರೂ ಬಿಡಲಿಲ್ಲ.

ಫೀಬಿಗೆ ಒಂಬತ್ತಾಯಿತು. ಆ ಚಳಿಗಾಲದ ನಂತರ ಅವಳ ಎದೆ ಮತ್ತೆಂದೂ ಕಟ್ಟಲಿಲ್ಲ. ಒಣಗಿದ ಕೋಣೆಯಲ್ಲಿ ಬೆಳೆದ ಆ ಗಲ್ಲಿಯ ಏಕೈಕ ಮಗು ಅವಳು. ಗುಡ್ಡವನ್ನು ಓಡಿಯೇ ಹತ್ತುತ್ತಿದ್ದಳು, ಮೇಲೆ ನಿಂತು ಕೂಗಿದರೆ ನದಿಯವರೆಗೆ ಕೇಳಿಸುತ್ತಿತ್ತು. ಅದೊಂದನ್ನು ನೋಡಿದಾಗ ಟಿಬ್ಬಿಗೆ ತಾನು ಮಾಡಿದ್ದರಲ್ಲಿ ಒಂದಾದರೂ ಸರಿಯಿತ್ತು ಎನಿಸುತ್ತಿತ್ತು.

ಜೂನ್ ತಿಂಗಳ ಒಂದು ಮಧ್ಯಾಹ್ನ ಫೀಬಿ ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತಳು. ಟಿಬ್ಬಿ ಸಾರಿಗೆ ಈರುಳ್ಳಿ ಹೆಚ್ಚುತ್ತಿದ್ದಳು.

"ಬಾ, ಕೈ ತೊಳ್ಕೋ."

"ಅಮ್ಮಾ, ಹಗ್ಗ ಜಿಗಿಯೋವಾಗ ನನ್ನ ಸೇರಿಸ್ಕೊಳ್ಳಲ್ಲ ಅವರು. ನಾನು ಮುಟ್ಟಿದ್ರೆ ಅವರಪ್ಪಂದಿರ ಹಡಗು ಮುಳುಗುತ್ತಂತೆ."

ಟಿಬ್ಬಿ ಚಾಕು ಕೆಳಗಿಟ್ಟಳು.

"ನೀನು ಅಪ್ಪನ ಬಟ್ಟೆ ಒಗೆದು ಹೊರಗೆ ಹಾಕಿದ್ಯಂತೆ. ಅಜ್ಜೀನೂ ಹೇಳಿದ್ರು. ಒಳಗೆ ಹಾಕಿದ್ರೆ ಅಪ್ಪ ಬರ್ತಿದ್ರಂತೆ." ಫೀಬಿಯ ದನಿ ನಡುಗಲಿಲ್ಲ. ತುಂಬ ದಿನದಿಂದ ಒಳಗಿಟ್ಟುಕೊಂಡಿದ್ದನ್ನು ಹೇಳುವ ದನಿ ಅದು. "ಎಲ್ಲರೂ ಒಳಗೇ ಹಾಕ್ತಾರೆ. ನೀನು ಯಾಕೆ ಅವತ್ತು ಹೊರಗೆ ಹಾಕಿದೆ?"

ಉತ್ತರ ಟಿಬ್ಬಿಯ ನಾಲಿಗೆಯ ತುದಿಯಲ್ಲಿತ್ತು. ಮೂರು ವರ್ಷದಿಂದ ಇತ್ತು. ವೈದ್ಯನ ಒದ್ದೆ ಅಂಗೈ, ಹಾಸಿಗೆಯಲ್ಲಿ ಉಸಿರು ಮೇಲಕ್ಕೆಳೆದುಕೊಳ್ಳುತ್ತಿದ್ದ ಆ ಪುಟ್ಟ ಎದೆ. ಹೇಳಿದರೆ ಈ ಜಗತ್ತಿನಲ್ಲಿ ಒಬ್ಬಳಾದರೂ ಈ ಭಾರದ ಪಾಲು ಹೊರಲು ಬರುತ್ತಾಳೆ. ತಕ್ಷಣ ಬರುತ್ತಾಳೆ, ಒಂಬತ್ತು ವರ್ಷದವಳು, ಎರಡೂ ಕೈ ಚಾಚಿ. ಆಮೇಲೆ ಜೀವನವಿಡೀ ಇಳಿಸುವುದಿಲ್ಲ. ನನ್ನ ಕೆ‌ಮ್ಮಿನಿಂದ ಅಪ್ಪ ಹೋದರು ಎಂದುಕೊಂಡೇ ಮುದುಕಿಯಾಗುತ್ತಾಳೆ.

"ಬಿಸಿಲಿತ್ತು," ಎಂದಳು ಟಿಬ್ಬಿ. "ಬೇಗ ಒಣಗಲಿ ಅಂತ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಫೀಬಿ ಅವಳನ್ನು ನೋಡಿದಳು. ನಲ್ಲಿಯ ಬಳಿ, ಸಭಾಂಗಣದಲ್ಲಿ, ಗಲ್ಲಿಯ ಎಲ್ಲ ಬಾಗಿಲುಗಳಲ್ಲಿ ಟಿಬ್ಬಿ ಕಂಡಿದ್ದ ನೋಟವೇ ಅದು. ಈ ಮುಖದಲ್ಲಿ ಕಂಡಿರಲಿಲ್ಲ. ಆಮೇಲೆ ಹುಡುಗಿ ಕಪಾಟಿನಿಂದ ತನ್ನ ಬಟ್ಟಲನ್ನೂ ಚಮಚವನ್ನೂ ತೆಗೆದುಕೊಂಡು, "ಅಜ್ಜಿ ಹತ್ರ ಊಟ ಮಾಡ್ತೀನಿ," ಎಂದು ಹಿತ್ತಲ ಬಾಗಿಲಿನಿಂದ ಹೋದಳು.

ಟಿಬ್ಬಿ ಈರುಳ್ಳಿ ಹೆಚ್ಚಿ ಮುಗಿಸಿದಳು. ಇಬ್ಬರಿಗೆ ಆಗುವಷ್ಟು ಹೆಚ್ಚಿದ್ದಳು, ಅಷ್ಟನ್ನೂ ಪಾತ್ರೆಗೆ ಹಾಕಿದಳು.